ಜ್ವಾಲಾಮುಖಿ ಹುಟ್ಟುವುದು ಹೇಗೆ?

ಕೇಳುಗರಿಗೆ ನಮಸ್ಕಾರ. ಕೋಲಾರ, ಮಾಲೂರು, ಬಂಗಾರಪೇಟೆ ಕಡೆ ಹಾಲು ಕರೆಯುತ್ತಲೋ ಟೊಮೆಟೊ ಬಾಕ್ಸ್ ತುಂಬುತ್ತಲೋ ಇದ್ದೀರಿ ಅಂದುಕೊಂಡಿದ್ದೇನೆ. ಕೈಗೆ ಕೆಲಸ ಇರಲಿ, ಕಿವಿ ಮಾತ್ರ ಈ ಕಡೆ ಕೊಡಿ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಲ ಕೆಳಗೆ ಬೆಂಕಿ ಸಮುದ್ರ ಇಲ್ಲ. ಟಿವಿಯಲ್ಲಿ ಬರುವ ಕೆಂಪು ಕೆಂಪು ಚಿತ್ರ ನೋಡಿ ಎಲ್ಲರೂ ಹಾಗೇ ನಂಬಿಬಿಟ್ಟಿದ್ದಾರೆ. ನೂರಾರು ಕಿಲೋಮೀಟರ್ ಕೆಳಕ್ಕೆ ಹೋದರೂ ಇರುವುದು ಕಲ್ಲು. ಗಟ್ಟಿ ಕಲ್ಲು!

ಕೆಜಿಎಫ್‌ನಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 3 ಕಿಲೋಮೀಟರ್‌ಗಿಂತ ಆಳ ಇಳಿದ ಗಣಿ ಅದು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಒಂದು ದಿನ ಟೀ ಅಂಗಡಿಯಲ್ಲಿ ನನ್ನ ಜೊತೆ ವಾದಕ್ಕೇ ಕೂತರು. "ಮೇಷ್ಟ್ರೇ, ಬಂಡೆ ಮೇಲೆ ಅಂಗೈ ಇಟ್ರೆ ತಟ್ಟನೆ ತೆಗೀಬೇಕು, ಹಂಗಿತ್ತು. ನೀವು ಕೆಳಗೆ ಬೆಂಕಿ ಇಲ್ಲ ಅಂತೀರಾ?"

"ಅಣ್ಣಾ, ಅಲ್ಲಿ ನೀವು ಕೊರೆದಿದ್ದು ಏನನ್ನ?"

"ಕಲ್ಲನ್ನ."

"ಬಿಸಿ ಇದ್ರೂ ಕಲ್ಲೇ ಅಲ್ವಾ?"

ಅವರೇನು ಸುಮ್ನೆ ಬಿಡುವ ಆಸಾಮಿಯಲ್ಲ. "ಅದು ಮೂರು ಕಿಲೋಮೀಟರ್. ನೂರು ಆದ್ರೆ?"

ಒಳ್ಳೆ ಪ್ರಶ್ನೆ. ಅಲ್ಲಿ ಸಾವಿರ ಡಿಗ್ರಿಗೂ ಜಾಸ್ತಿ ಬಿಸಿ ಇರುತ್ತದೆ. ಆದರೂ ಕಲ್ಲು ಕರಗುವುದಿಲ್ಲ. ಮೇಲಿನ ಭಾರ ಅದನ್ನು ಅದುಮಿ ಹಿಡಿದಿರುತ್ತದೆ. ಕುಕ್ಕರ್‌ನಲ್ಲಿ ನೀರು 100 ಡಿಗ್ರಿ ದಾಟಿದರೂ ನೀರಾಗೇ ಇರುತ್ತದಲ್ಲ, ಒತ್ತಡ ಬಿಟ್ಟ ಕೂಡಲೇ ಭುಸ್ ಅಂತ ಆವಿಯಾಗುತ್ತದೆ. ಹಾಗೇ ಇದು. ಬಿಸಿ ಕಲ್ಲು ಮೇಲಕ್ಕೆ ಸರಿದು ಒತ್ತಡ ಇಳಿದಾಗ ಸ್ವಲ್ಪ ಸ್ವಲ್ಪ ಕರಗುತ್ತದೆ. ಕರಗಿದ್ದು ಹಗುರ, ಮೇಲೇರುತ್ತದೆ. ನೆಲದ ಹತ್ತಿರ ಬಂದಾಗ ಅದರೊಳಗಿನ ಅನಿಲ ಗುಳ್ಳೆಯೆದ್ದು ಹೊರಕ್ಕೆ ಚಿಮ್ಮಿಸುತ್ತದೆ. ಅದೇ ಜ್ವಾಲಾಮುಖಿ.

ಕೊನೆಗೆ ಅವರಿಗೊಂದು ವಿಷಯ ಹೇಳಿದೆ. ಅಲ್ಲಿ ಚಿನ್ನದ ಸುತ್ತ ಇರುವ ಕಪ್ಪು ಕಲ್ಲು ಸುಮಾರು 270 ಕೋಟಿ ವರ್ಷದ ಹಿಂದೆ ಲಾವಾ ಆಗಿತ್ತು. ಆಮೇಲೆ ಬಿಸಿಗೆ, ಒತ್ತಡಕ್ಕೆ ಮಾರ್ಪಟ್ಟಿದೆ ಅಷ್ಟೇ. ಅಂದರೆ ಅವರು ಡ್ರಿಲ್ ಹಿಡಿದು ಕೊರೆದಿದ್ದು ಜ್ವಾಲಾಮುಖಿ ಉಗುಳಿದ್ದನ್ನೇ. ಟೀ ಲೋಟ ಕೆಳಗಿಟ್ಟು, "ಇದನ್ನ ಆವಾಗ್ಲೇ ಯಾರಾದ್ರೂ ಹೇಳಬಾರದಿತ್ತಾ!" ಅಂದರು.

ಟೈಮ್ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ಕಲ್ಲು ಕರಗುವುದಕ್ಕೆ ಇನ್ನೊಂದು ದಾರಿ ನೀರು. ಬಿಸಿ ಕಲ್ಲಿಗೆ ನೀರು ಸೇರಿದರೆ ಕಡಿಮೆ ಬಿಸಿಗೇ ಕರಗುತ್ತದೆ. ಅಂಡಮಾನ್ ಕಡೆ ನೀರುಂಡ ಸಮುದ್ರದ ತಳ ಭೂಮಿಯೊಳಗೆ ಜಾರಿ ಇಳಿಯುತ್ತಿದೆ. ಆ ನೀರು ಒಳಗಿನ ಬಿಸಿ ಕಲ್ಲಿಗೆ ಸೇರುತ್ತದೆ. ಅಲ್ಲಿನ ಬ್ಯಾರೆನ್ ದ್ವೀಪದ ಜ್ವಾಲಾಮುಖಿ ಬಹಳ ಕಾಲ ತೆಪ್ಪಗಿದ್ದು 1991ರಲ್ಲಿ ಮತ್ತೆ ಉಗುಳಿತು. ಅಲ್ಲೂ ಅಷ್ಟೇ, ಕೆಳಗೆ ಬೆಂಕಿ ಸಮುದ್ರ ಇಲ್ಲ.

ನಂದಿಬೆಟ್ಟ ಜ್ವಾಲಾಮುಖಿಯಾ ಅಂತ ಹೋದಲ್ಲೆಲ್ಲ ಕೇಳುತ್ತಾರೆ. ಅಲ್ಲ. ಅದು ಗ್ರಾನೈಟ್. ಕರಗಿದ ಕಲ್ಲು ಹೊರಗೆ ಬಾರದೆ ಒಳಗೇ ನಿಧಾನವಾಗಿ ಆರಿದರೆ ಗ್ರಾನೈಟ್ ಆಗುತ್ತದೆ. ಮೇಲಿನ ನೆಲ ಸವೆದು ಅದು ಈಗ ಕಾಣುತ್ತಿದೆ. ನಮಸ್ಕಾರ.