ಕತ್ತಲಲ್ಲಿ ‘ಯಾರದು?’ ಅಂತ ಕೂಗಬೇಡಿ: ಸಬ್‌ಮರೀನ್ ಸಿನಿಮಾದ ‘ಪಿಂಗ್’ ಕಥೆ

[ಕಪ್ಪು ಪರದೆ. ಒಂದೇ ಒಂದು ‘ಪಿಂಗ್’.]

ಈ ಸದ್ದು ಕೇಳಿದ ತಕ್ಷಣ ಸಬ್‌ಮರೀನ್ ಸಿನಿಮಾಗಳಲ್ಲಿ ಎಲ್ಲರ ಮುಖ ಬಿಳಿಚಿಕೊಳ್ಳುತ್ತದಲ್ಲ, ಯಾಕೆ? ಕಡಲಿಲ್ಲದ ಬೆಂಗಳೂರಿಗೆ ಈ ಉಸಾಬರಿ ಯಾಕೆ ಅನ್ನಬೇಡಿ. ನೌಕಾಪಡೆಗೆ ಸೋನಾರ್, ಅಂದರೆ ನೀರಿನೊಳಗೆ ಇರುವುದನ್ನು ಸದ್ದಿನಿಂದಲೇ ಪತ್ತೆ ಮಾಡುವ ಸಾಧನ, ಮಾಡಿಕೊಡುವ ಬಿಇಎಲ್ ಕಂಪನಿ ಇರುವುದು ನಮ್ಮ ಜಾಲಹಳ್ಳಿಯಲ್ಲೇ.

ಸಿನಿಮಾ ‘ದಿ ಹಂಟ್ ಫಾರ್ ರೆಡ್ ಅಕ್ಟೋಬರ್’, 1990ರದ್ದು. ಟಾಮ್ ಕ್ಲಾನ್ಸಿಯ 1984ರ ಕಾದಂಬರಿ ಅದಕ್ಕೆ ಮೂಲ. ಕಥೆ ಬೇಗ ಹೇಳಿಬಿಡುತ್ತೇನೆ. ಸೋವಿಯತ್ ಕ್ಯಾಪ್ಟನ್ ರಾಮಿಯಸ್, ಅಂದರೆ ಶಾನ್ ಕಾನರಿ, ಸದ್ದೇ ಮಾಡದ ಹೊಸ ಸಬ್‌ಮರೀನ್ ಹಿಡಿದು ಅಮೆರಿಕದ ಕಡೆ ಹೊರಡುತ್ತಾನೆ. ದಾಳಿಗೋ, ಶರಣಾಗಲಿಕ್ಕೋ? ಎರಡೂ ದೇಶಗಳು ಬೆನ್ನು ಹತ್ತುತ್ತವೆ. ಇಷ್ಟು ಸಾಕು.

ಆಳದಲ್ಲಿ ಬೆಳಕಿಲ್ಲ. ಇರುವುದು ಕಿವಿ ಮಾತ್ರ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ.

ಈಗ ನಿಮ್ಮ ಮನೆಗೆ ಬನ್ನಿ. ರಾತ್ರಿ, ಕರೆಂಟ್ ಹೋಗಿದೆ. ಅಡುಗೆಮನೆಯಲ್ಲಿ ಏನೋ ಸದ್ದು. ಸುಮ್ನೆ ಕೂತು ಕೇಳಿ. ಪರಪರ ಅಂದರೆ ಇಲಿ. ಡಬ್ಬಿಯ ಮುಚ್ಚಳ ಮೆಲ್ಲಗೆ ತಿರುಗಿತಾ? ಇಲಿಗೆ ಅಷ್ಟು ನಾಜೂಕಿಲ್ಲ, ಅದು ಚಕ್ಕುಲಿ ಕದಿಯಲು ಬಂದ ತಮ್ಮ. ಇದು ಪ್ಯಾಸಿವ್ ಸೋನಾರ್. ಬರೀ ಕೇಳುವುದು. ಪ್ರೊಪೆಲರ್ ಸದ್ದಿನಿಂದಲೇ ಅದು ಎಂಥ ಹಡಗು ಅಂತ ಹೇಳುವವರಿದ್ದಾರೆ. ಆದರೆ ಯಾರು ಅಂತ ತಿಳಿದರೂ ಎಷ್ಟು ದೂರ ಅನ್ನುವುದು ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೆ ‘ಯಾರದು?’ ಅಂತ ಕೂಗಬೇಕು. ಅದೇ ಪಿಂಗ್. ಸದ್ದು ಹೋಗಿ, ಬಡಿದು, ಎರಡು ಸೆಕೆಂಡಿಗೆ ವಾಪಸ್ ಬಂದರೆ ದೂರ ಒಂದೂವರೆ ಕಿಲೋಮೀಟರ್.

ಆದರೆ ಕೂಗಿದಿರಿ ಅಂದರೆ ನೀವೆಲ್ಲಿದ್ದೀರಿ ಅಂತ ಇಡೀ ಮನೆಗೆ ಗೊತ್ತಾಯಿತು! ತಮ್ಮ ಚಕ್ಕುಲಿ ಸಮೇತ ಪರಾರಿ. ಅವನ ಕೈಯಲ್ಲಿ ಟಾರ್ಪಿಡೋ ಇದ್ದಿದ್ದರೆ?

ಅಡಗಿಕೊಂಡೇ ಬಂದ ರಾಮಿಯಸ್ ಅಮೆರಿಕದ ಕ್ಯಾಪ್ಟನ್‌ಗೆ ‘ಹೂಂ’ ಅನ್ನಲು ಒಂದೇ ಒಂದು ಪಿಂಗ್ ಕೊಡಿಸುತ್ತಾನೆ. ಸ್ಫೋಟದ ಸೀನ್‌ಗಳನ್ನೆಲ್ಲ ಇಟ್ಟುಕೊಳ್ಳಿ, ನನಗೆ ಇದೊಂದು ಸಾಕು.

ಟೈಮ್ ಆಗುತ್ತಾ ಬಂತು, ಉಳಿದದ್ದು ಒಂದೇ ಉಸಿರಿಗೆ. ಸಬ್‌ಮರೀನ್‌ಗಳು ಆಳದಲ್ಲಿ ತೇಲುವ ದೃಶ್ಯಗಳಲ್ಲಿ ಬಹುಪಾಲು ನೀರೇ ಇಲ್ಲ. ಹೊಗೆ ತುಂಬಿದ ಸ್ಟುಡಿಯೋದಲ್ಲಿ ತಂತಿಗೆ ನೇತುಹಾಕಿದ ಮಾಡೆಲ್‌ಗಳು. ಸಿನಿಮಾದ ಸದ್ದಿಲ್ಲದ ಎಂಜಿನ್ ಆಯಸ್ಕಾಂತದಿಂದ ನೀರು ತಳ್ಳುತ್ತದೆ. ಜಪಾನಿನವರು 1992ರಲ್ಲಿ ಅಂಥದ್ದೇ ‘ಯಮಾಟೊ-1’ ಹಡಗು ಓಡಿಸಿದರು. ವೇಗ ಗಂಟೆಗೆ ಸುಮಾರು 15 ಕಿಲೋಮೀಟರ್. ಸಂಜೆಯ ಸಿಲ್ಕ್ ಬೋರ್ಡ್‌ಗೆ ಅದೇ ಜಾಸ್ತಿ, ಅಲ್ವಾ? ಇನ್ನು, ಸಿನಿಮಾಕ್ಕೆ ಸಿಕ್ಕ ಒಂದೇ ಆಸ್ಕರ್ ಸೌಂಡ್ ಎಫೆಕ್ಟ್ಸ್ ಎಡಿಟಿಂಗ್‌ಗೆ.

ನೋಡುವುದಾದರೆ ಹೆಡ್‌ಫೋನ್ ಹಾಕಿಕೊಂಡು ನೋಡಿ.

[ಪಿಂಗ್. ಪರದೆ ಕಪ್ಪು.]