ಎಚ್.ಎನ್. ಅವರನ್ನು ಕಂಡವರು ಹೇಳಬೇಕಾದದ್ದು

ಹಿರಿಯರೇ, ಗೆಳೆಯರೇ, ವಿದ್ಯಾರ್ಥಿಗಳೇ,

ಎಚ್.ಎನ್. ಎಂದೇ ಹೆಸರಾದ ಶಿಕ್ಷಣತಜ್ಞ, ವಿಚಾರವಾದಿ ಡಾ. ಎಚ್. ನರಸಿಂಹಯ್ಯನವರನ್ನು ಕುರಿತು ಮಾತನಾಡಲು ಒಪ್ಪಿಕೊಂಡಾಗಲೇ ಒಂದು ನಿರ್ಧಾರ ಮಾಡಿದ್ದೆ. ಪದವಿ, ಪ್ರಶಸ್ತಿಗಳ ಪಟ್ಟಿ ಓದುವುದಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು, ಪದ್ಮಭೂಷಣ ಪಡೆದಿದ್ದರು. ಇವೆಲ್ಲ ಯಾವ ಪುಸ್ತಕದಲ್ಲಾದರೂ ಸಿಗುತ್ತವೆ. ಅವರು ತೀರಿಕೊಂಡದ್ದು 2005ರ ಜನವರಿ 31ರಂದು. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಆಗ ಹುಟ್ಟಿರಲೇ ಇಲ್ಲ. ಅವರ ಪಾಲಿಗೆ ಎಚ್.ಎನ್. ಎಂದರೆ ಗೋಡೆಯ ಮೇಲಿನ ಪಟ, ಬಿಳಿ ಟೋಪಿ, ಖಾದಿ ಜುಬ್ಬ. ಎದುರಿಗೆ ಸಿಕ್ಕಾಗ ಆ ಮನುಷ್ಯ ಹೇಗಿರುತ್ತಿದ್ದರು ಎಂಬುದನ್ನು ಕಂಡವರೇ ಹೇಳಬೇಕು. ಕಂಡವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಮೊದಲು, ಎಚ್.ಎನ್. ತಾವೇ ಕಂಡ ಒಬ್ಬರ ವಿಷಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯ ಹುಡುಗ ನರಸಿಂಹಯ್ಯ ಓದುವ ಹಂಬಲದಿಂದ ಬೆಂಗಳೂರಿಗೆ ನಡೆದೇ ಬಂದ. ಎರಡು ದಿನದ ನಡಿಗೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿಕೊಂಡ. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದು ಹಿಂದಿಯಲ್ಲಿ ಮಾತನಾಡಿದಾಗ, ಅದನ್ನು ಕನ್ನಡದಲ್ಲಿ ಹೇಳುವ ಅವಕಾಶ ಈ ಹುಡುಗನಿಗೆ ಸಿಕ್ಕಿತು. ಸ್ವಲ್ಪ ಯೋಚಿಸಿ ನೋಡಿ. ಹದಿನಾರರ ಆಸುಪಾಸಿನ ವಯಸ್ಸು. ಊರು ಬಿಟ್ಟು ಬಂದು ಹೆಚ್ಚು ಕಾಲವಾಗಿಲ್ಲ. ಇಡೀ ದೇಶ ಯಾರ ಮಾತಿಗೆ ಕಿವಿಗೊಟ್ಟಿತ್ತೋ ಅವರ ಮಾತು ಈತನ ಬಾಯಿಂದ ಸಭೆಗೆ ತಲುಪಬೇಕು. ಎಷ್ಟು ಹೊತ್ತಿನ ಭೇಟಿ ಅದು? ಹೆಚ್ಚೆಂದರೆ ಒಂದು ಸಭೆಯಷ್ಟು. ಆದರೆ ಅಂದು ಹಿಡಿದ ಖಾದಿಯನ್ನು ಅವರು ಕಡೆಯತನಕ ಬಿಡಲಿಲ್ಲ. 1942ರ ಚಳವಳಿಯಲ್ಲಿ ಜೈಲಿಗೆ ಹೋದರು. ಮುಂದೆ ಅಮೆರಿಕದ ಓಹಿಯೊದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿ ಬಂದರೂ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯೇ ಅವರ ಮನೆಯಾಗಿತ್ತು. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ.

ಗಾಂಧೀಜಿಯನ್ನು ಎಚ್.ಎನ್. ಹೀಗೆ ನೆನೆದರು. ಹಾಗೆಂದು ಅವರ ಎಲ್ಲ ಮಾತನ್ನೂ ಒಪ್ಪಿದರೇ? ಇಲ್ಲ. ಪ್ರಾರ್ಥನೆ, ರಾಮನಾಮಗಳಲ್ಲಿ ಗಾಂಧೀಜಿಗಿದ್ದ ನಂಬಿಕೆ ವಿಚಾರವಾದಿ ಎಚ್.ಎನ್.ಗೆ ಇರಲಿಲ್ಲ. ಒಬ್ಬರನ್ನು ಅಷ್ಟು ಆಳವಾಗಿ ಮೆಚ್ಚಿಯೂ ಅವರಿಂದ ಬೇರೆಯಾಗಿ ಯೋಚಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ನಮ್ಮಲ್ಲಿ ಮೆಚ್ಚುವುದೆಂದರೆ ಕಾಲಿಗೆ ಬೀಳುವುದು ಎಂದಾಗಿಬಿಟ್ಟಿದೆ. ಅದು ನನಗೆ ನೋವು ತರುತ್ತದೆ.

ಇನ್ನು ನನ್ನ ಪಾಲಿನದು. ಅದು ತೀರಾ ಚಿಕ್ಕದು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ಕಾಲೇಜು ದಿನಗಳಲ್ಲಿ ನಾನೂ ಹೋಗುತ್ತಿದ್ದೆ. ಪ್ರವೇಶಕ್ಕೆ ಹಣವಿಲ್ಲ. ಯಾರು ಬೇಕಾದರೂ ಬಂದು ಕೂರಬಹುದು. ಒಂದು ಸಂಜೆ ನಕ್ಷತ್ರಗಳ ಕುರಿತ ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಎದ್ದು ನಿಂತೆ. ಗಂಟಲು ಒಣಗಿತ್ತು. ಇಂಗ್ಲಿಷ್ ಬಾಯಿಗೆ ಬರಲಿಲ್ಲ, ಕನ್ನಡದಲ್ಲೇ ಕೇಳಿದೆ. ಮುಂದೆ ಕುಳಿತಿದ್ದ ಎಚ್.ಎನ್. ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ, ಒಂದು ಕೈಯನ್ನು ಕುರ್ಚಿಯ ಬೆನ್ನಿನ ಮೇಲಿಟ್ಟು, ನನ್ನ ಪ್ರಶ್ನೆ ಪೂರ್ತಿ ಮುಗಿಯುವ ತನಕ ನನ್ನನ್ನೇ ನೋಡುತ್ತ ಕೇಳಿಸಿಕೊಂಡರು. ಆಮೇಲೆ ಉತ್ತರಕ್ಕಾಗಿ ಉಪನ್ಯಾಸಕರ ಕಡೆ ತಿರುಗಿದರು. ಅಷ್ಟೇ. ಮಾತಾಡಿಸಲಿಲ್ಲ, ಬೆನ್ನು ತಟ್ಟಲಿಲ್ಲ. ಆದರೂ ಅಧ್ಯಾಪಕನಾದ ಮೇಲೆ ತರಗತಿಯಲ್ಲಿ ತಡವರಿಸುವ ಹುಡುಗರ ಪ್ರಶ್ನೆಯನ್ನು ನಾನು ಅರ್ಧದಲ್ಲಿ ತಡೆಯದಂತೆ ನೋಡಿಕೊಂಡದ್ದು ಆ ಸಂಜೆಯ ಫಲ.

ಪ್ರಶ್ನಿಸದೆ ಒಪ್ಪಿಕೊಳ್ಳಬೇಡಿ ಎಂದು ಅವರು ಜೀವನವಿಡೀ ಹೇಳಿದರು. ಕುಲಪತಿಯಾಗಿದ್ದಾಗ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ ಧೈರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ, ಕೊಂಡಾಡಲೇಬೇಕು. ದೊಡ್ಡವರನ್ನು ಪ್ರಶ್ನಿಸುವ ಆ ಧೈರ್ಯದ ಜೊತೆಗೆ ಚಿಕ್ಕವರ ಪ್ರಶ್ನೆಗೆ ಕಾಯುವ ತಾಳ್ಮೆಯೂ ಅವರಲ್ಲಿತ್ತು. ಈ ಎರಡನೆಯದು ಯಾವ ದಾಖಲೆಯಲ್ಲೂ ಸುಲಭವಾಗಿ ಸಿಗುವುದಿಲ್ಲ, ನಮ್ಮಂಥವರ ನೆನಪಿನಲ್ಲಿ ಮಾತ್ರ ಇದೆ.

ಆದ್ದರಿಂದ ನನ್ನದೊಂದು ಬೇಡಿಕೆ. ನ್ಯಾಷನಲ್ ಕಾಲೇಜಿನ ಹಾಸ್ಟೆಲಿನಲ್ಲಿ ಇದ್ದವರು, ಬಾಗೇಪಲ್ಲಿ, ಗೌರಿಬಿದನೂರಿನ ಕಾಲೇಜುಗಳಲ್ಲಿ ಅವರನ್ನು ಕಂಡವರು, ಅಡುಗೆ ಮಾಡಿದವರು, ಗುಮಾಸ್ತರಾಗಿದ್ದವರು ಈ ಸಭೆಯಲ್ಲಿದ್ದರೆ ದಯವಿಟ್ಟು ಬರೆದಿಡಿ. ಬರೆಯಲು ಕೈ ನಡುಗುವವರು ಹೇಳಿ, ಮೊಮ್ಮಕ್ಕಳು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಲಿ. ಹೊಗಳಿಕೆಯೇ ಆಗಬೇಕೆಂದಿಲ್ಲ. ಯಾವ ದಿನ, ಯಾವ ಜಾಗ, ಏನು ನಡೆಯಿತು, ಅಷ್ಟಿದ್ದರೆ ಸಾಕು. ಅವರ ಮೇಲೆ ಸಿಟ್ಟು ಮಾಡಿಕೊಂಡವರು, ಅವರೊಡನೆ ವಾದಕ್ಕೆ ನಿಂತವರು ಇದ್ದರೆ ಅವರೂ ಬರೆಯಲಿ. ಆ ಬರಹಗಳನ್ನು ಓದಲು ನಾನು ಕಾಯುತ್ತಿರುತ್ತೇನೆ.

ನಮಸ್ಕಾರ.