ಸೈಡ್ ವಿಂಗ್‌ನಲ್ಲಿ ನಿಂತು ನೋಡಿದ ಹೈಸ್ಕೂಲ್ ನಾಟಕ

ಮೊದಲೇ ಹೇಳಿಬಿಡುತ್ತೇನೆ, ಈ ವಿಡಿಯೊದಲ್ಲಿ ನಾಟಕ ಇಲ್ಲ. ಹಾಡೂ ಇಲ್ಲ. ಹೈಸ್ಕೂಲ್ ಮಕ್ಕಳು ಆಡುವ ಇಂಥ ಹಾಡು-ಕುಣಿತದ ನಾಟಕಗಳಿಗೆ ಶಾಲೆಯವರು ಹಕ್ಕುದಾರರಿಂದ ಅನುಮತಿ ತೆಗೆದುಕೊಂಡಿರುತ್ತಾರೆ. ಆಡುವುದಕ್ಕೆ ಒಂದು ಅನುಮತಿ, ಶೂಟ್ ಮಾಡಿ ಆನ್‌ಲೈನ್‌ಗೆ ಹಾಕುವುದಕ್ಕೆ ಬೇರೆಯೇ ಅನುಮತಿ. ಆ ಎರಡನೆಯದು ನನ್ನ ಹತ್ತಿರ ಇಲ್ಲ. ಮಕ್ಕಳ ಮುಖವೂ ತೋರಿಸುವುದಿಲ್ಲ, ಬರೀ ಕೈಗಳು. ಹಾಗಾಗಿ ಕ್ಯಾಮೆರಾ ಹಿಡಿದುಕೊಂಡು ಸ್ಟೇಜಿನ ಪಕ್ಕದ ಮರೆಯಲ್ಲಿ, ಅಂದರೆ ಸೈಡ್ ವಿಂಗ್‌ನಲ್ಲಿ ನಿಂತೆ. ನಿಜ ಹೇಳಬೇಕೆಂದರೆ ನನಗೇನೂ ಬೇಜಾರಿಲ್ಲ. ನೋಡುವಂಥದ್ದು ಜಾಸ್ತಿ ಇರುವುದು ಇಲ್ಲೇ.

ಈ ಮೇಜು ನೋಡಿ. ಪ್ರಾಪರ್ಟಿ ಮೇಜು, ಅಂದರೆ ನಟರು ಸ್ಟೇಜ್ ಮೇಲೆ ಬಳಸುವ ವಸ್ತುಗಳನ್ನು ಇಡುವ ಜಾಗ. ಇಡೀ ಮೇಜಿಗೆ ಬಿಳಿ ಕಾಗದ ಹಾಸಿ, ಒಂದೊಂದು ವಸ್ತುವಿನ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಹೆಸರು ಬರೆದಿದ್ದಾರೆ. ಲಾಟೀನು, ಪತ್ರ, ಮುರಿದ ಕೊಡೆ. ಇಲ್ಲೊಂದು ಖಾಲಿ ಗೆರೆ ಕಾಣಿಸುತ್ತಿದೆ ಅಲ್ವಾ? ಅಲ್ಲಿ ಕನ್ನಡಕ ಇರಬೇಕು. ಅಂದರೆ ಕನ್ನಡಕ ಈಗ ಸ್ಟೇಜ್ ಮೇಲಿದೆ, ಇಲ್ಲವಾದರೆ ಯಾರದೋ ಜೇಬಿನಲ್ಲಿದೆ. ಜೇಬಿನಲ್ಲಿದ್ದರೆ ಮುಂದಿನ ದೃಶ್ಯದಲ್ಲಿ ತಾತನ ಪಾತ್ರದವನು ಕಣ್ಣು ಕಿರಿದು ಮಾಡಿಕೊಂಡೇ ಪತ್ರ ಓದಬೇಕು. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಇದನ್ನು ಕಾಯುತ್ತಾನೆ. ಅವನಿಗೆ ಒಂದು ಡೈಲಾಗ್ ಕೂಡ ಇಲ್ಲ. ಆದರೆ ಅವನನ್ನು ಕೇಳದೆ ಈ ಮೇಜಿನಿಂದ ಒಂದು ಪೆನ್ಸಿಲ್ ಎತ್ತುವ ಧೈರ್ಯ ಟೀಚರಿಗೂ ಇಲ್ಲ.

ಈಗ ಕಾಣುತ್ತಿರುವ ಕೈ ಸ್ಟೇಜ್ ಮ್ಯಾನೇಜರ್‌ದು. ಹತ್ತನೇ ಕ್ಲಾಸಿನ ಹುಡುಗಿ. ತಲೆಗೆ ಹೆಡ್‌ಸೆಟ್, ಮುಂದೆ ಫೈಲ್, ಫೈಲಿನಲ್ಲಿ ಇಡೀ ಸ್ಕ್ರಿಪ್ಟ್. ಯಾವ ಮಾತಿಗೆ ಯಾವ ಲೈಟ್, ಯಾವ ಹೆಜ್ಜೆಗೆ ಯಾವ ಸದ್ದು, ಎಲ್ಲ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದಾಳೆ. ಪೆನ್ನಿನಲ್ಲಿ ಬರೆಯುವ ಹಾಗಿಲ್ಲ, ಕೊನೇ ದಿನದವರೆಗೂ ಬದಲಾಗುತ್ತಲೇ ಇರುತ್ತದೆ. "ಲೈಟ್ 42, ಸ್ಟ್ಯಾಂಡ್‌ಬೈ" ಎನ್ನುತ್ತಾಳೆ, ಅಂದರೆ 42ನೇ ಬೆಳಕಿನ ಬದಲಾವಣೆಗೆ ಸಿದ್ಧವಾಗಿರಿ. ಮೇಲಿನ ಲೈಟ್ ಬೂತ್‌ನಲ್ಲಿ ಇನ್ನೊಬ್ಬನ ಬೆರಳು ಬಟನ್ ಮೇಲೆ ಹೋಗುತ್ತದೆ. ಆಮೇಲೆ "ಲೈಟ್ 42, ಗೋ." ಆ 'ಗೋ' ಕೇಳಿಸದೆ ಏನೂ ಕದಲುವುದಿಲ್ಲ. ಅದಕ್ಕೇ ಹೆಡ್‌ಸೆಟ್‌ನಲ್ಲಿ ಸುಮ್ನೆ ಮಾತಿಗೂ ಯಾರೂ ಆ ಪದ ಬಳಸುವುದಿಲ್ಲ. ನಾಟಕ ಕಲಿಸಿದ ಟೀಚರ್ ಷೋ ದಿನ ಎಲ್ಲಿರುತ್ತಾರೆ ಗೊತ್ತಾ? ಪ್ರೇಕ್ಷಕರ ನಡುವೆ, ಉಗುರು ಕಚ್ಚಿಕೊಂಡು. ಪರದೆ ಎದ್ದ ಮೇಲೆ ಎಲ್ಲ ಈ ಹುಡುಗಿಯ ಕೈಯಲ್ಲಿ.

"ಅಕ್ಕಾ, ಸ್ವಲ್ಪ ಹಿಂದೆ ಬನ್ನಿ, ಸೆಟ್ ಬರುತ್ತೆ" ಎಂದಳು ನನಗೆ. ಬಂದೆ. ಅರ್ಧ ಮನೆಯೊಂದು ನನ್ನ ಮೂಗಿನ ಮುಂದೆಯೇ ಉರುಳಿಕೊಂಡು ಹೋಯಿತು.

ಇದೆಲ್ಲ ಕೂಡಿಬರುವುದು ಟೆಕ್ ರಿಹರ್ಸಲ್ ದಿನ, ಅಂದರೆ ಲೈಟು, ಸದ್ದು, ಸೆಟ್ಟುಗಳ ತಾಲೀಮಿನ ದಿನ. ಅವತ್ತು ನಟನೆ ಯಾರಿಗೂ ಬೇಕಾಗಿಲ್ಲ. ಮಧ್ಯದ ಸಂಭಾಷಣೆ ಹಾರಿಸಿ ಒಂದು ಕ್ಯೂನಿಂದ (ಲೈಟೋ ಸದ್ದೋ ಬದಲಾಗಬೇಕಾದ ಗುರುತು) ಇನ್ನೊಂದು ಕ್ಯೂಗೆ ಹೋಗುತ್ತಾರೆ. ನಾಯಕಿ ಒಂದೇ ಜಾಗದಲ್ಲಿ ನಿಂತು "ಆದರೆ ಅಪ್ಪಾ" ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿರುತ್ತಾಳೆ, ಲೈಟ್ ಸರಿಯಾಗುವವರೆಗೂ. ನೋಡುವವರಿಗೆ ಮಹಾ ಬೋರು. ನನಗಂತೂ ಈ ವಾರದಲ್ಲಿ ತುಂಬ ಇಷ್ಟವಾದ ದಿನ ಅದೇ.

ಬಟ್ಟೆ ಬದಲಿಸುವುದನ್ನು ನೋಡಿ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಸೇವಕಿ ರಾಣಿಯಾಗಬೇಕು. ಕುರ್ಚಿ ಮೇಲೆ ಬಟ್ಟೆ ಹಾಕಿಕೊಳ್ಳುವ ಕ್ರಮದಲ್ಲೇ ಜೋಡಿಸಿದ್ದಾರೆ. ಶೂ ಲೇಸು ಮೊದಲೇ ಬಿಚ್ಚಿಟ್ಟಿದ್ದಾರೆ. ಮುಂದೆ ಕಾಣುವ ಗುಂಡಿಗಳೆಲ್ಲ ಸುಳ್ಳು, ಹಿಂದೆ ಇರುವುದು ವೆಲ್ಕ್ರೊ. ಇಬ್ಬರು ಹುಡುಗಿಯರು ಎರಡು ಕಡೆ, ಒಬ್ಬಳ ಬಾಯಲ್ಲಿ ಟಾರ್ಚ್. ರಾಣಿ ಸುಮ್ಮನೆ ಕೈ ಅಗಲಿಸಿ ನಿಲ್ಲಬೇಕು, ತಾನೇ ಸಹಾಯ ಮಾಡಲು ಹೋದರೆ ತಡ. ಕೆನ್ನೆಗೆ ಅಂಟಿಸಿದ ಮೈಕ್ ಕಿತ್ತು ಬರಬಾರದು. ಆ ಮೈಕ್ ಆಫ್ ಮಾಡುವುದು ಸೌಂಡ್ ಬೋರ್ಡ್‌ನಲ್ಲಿರುವವನ ಕೆಲಸ. ಮರೆತರೆ ಇಲ್ಲಿ "ಅಯ್ಯೋ, ಜಿಪ್ ಸಿಕ್ಕಿಕೊಂಡಿತು ಕಣೇ" ಅಂದದ್ದು ಇಡೀ ಸಭಾಂಗಣಕ್ಕೆ ಕೇಳಿಸುತ್ತದೆ.

ಇನ್ನು ಸಂಗೀತ. ಸ್ಟೇಜ್ ಮುಂದೆ ತಗ್ಗಿನಲ್ಲಿ ಕೂತಿರುವವರನ್ನು ಯಾರೂ ಸರಿಯಾಗಿ ನೋಡುವುದೇ ಇಲ್ಲ. ಶ್ರುತಿ ಸೇರಿಸಲು ಓಬೋ ಎಂಬ ಊದುವ ವಾದ್ಯ 'ಎ' ಸ್ವರ ಕೊಡುತ್ತದೆ, ಸೆಕೆಂಡಿಗೆ 440 ಕಂಪನ. ಪಿಯಾನೊ ಇದ್ದರೆ ಮಾತ್ರ ಎಲ್ಲರೂ ಅದಕ್ಕೇ ತಗ್ಗಿಬಗ್ಗಿ ನಡೆಯಬೇಕು, ಅದರ ತಂತಿಗಳನ್ನು ಈಗ ಬಿಗಿಯುತ್ತ ಕೂರಲು ಆಗುವುದಿಲ್ಲವಲ್ಲ. ಕ್ಲಾರಿನೆಟ್, ಟ್ರಂಪೆಟ್ ಬೆಚ್ಚಗಾದಂತೆ ಶ್ರುತಿ ಏರುತ್ತದೆ. ಅದಕ್ಕೇ ಇಂಟರ್ವಲ್ ಆದ ಮೇಲೆ ಇನ್ನೊಮ್ಮೆ ಸರಿಮಾಡಿಕೊಳ್ಳುತ್ತಾರೆ.

ಹೈಸ್ಕೂಲಿಗೇ ಅಂಟಿಕೊಂಡ ತಲೆನೋವು ಬೇರೆ ಒಂದಿದೆ. ಪಾತ್ರ ಹಂಚಿದಾಗ ಹುಡುಗನದು ಎಳೆಯ, ಎತ್ತರದ ದನಿ. ಷೋ ಹೊತ್ತಿಗೆ ಗಂಟಲು ಒಡೆದಿರುತ್ತದೆ. ಹಾರ್ಮೋನಿನಿಂದ ಧ್ವನಿತಂತುಗಳು ಉದ್ದವೂ ದಪ್ಪವೂ ಆಗಿ, ಒಟ್ಟಾರೆ ದನಿ ಹೆಚ್ಚುಕಮ್ಮಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಇಳಿಯುವಾಗ ಹೇಳಿಕೇಳಿ ಇಳಿಯುವುದಿಲ್ಲ. ನಿನ್ನೆ ಹಾಡಿದ ಸ್ವರ ಇವತ್ತು ಸಿಗುವುದಿಲ್ಲ. ಹಾಡನ್ನೇ ಕೆಳಗಿನ ಶ್ರುತಿಗೆ ತಂದರಾಯಿತು ಅಂತೀರಾ? ಮೊದಲು ಹಕ್ಕುದಾರರು ಒಪ್ಪಬೇಕು. ಆಮೇಲೆ ತಗ್ಗಿನಲ್ಲಿರುವ ಎಲ್ಲರ ನೊಟೇಶನ್ ಬದಲಾಗಬೇಕು. ಅದೂ ಒಂದೇ ಲೆಕ್ಕದಲ್ಲಲ್ಲ. ಸಾಮಾನ್ಯ ಕ್ಲಾರಿನೆಟ್‌ನಲ್ಲಿ ಬರೆದಿರುವ 'ಸಿ' ನುಡಿಸಿದರೆ ಕೇಳಿಸುವುದು 'ಬಿ ಫ್ಲ್ಯಾಟ್'. ಆಲ್ಟೊ ಸ್ಯಾಕ್ಸೊಫೋನ್‌ನಲ್ಲಿ ಅದೇ 'ಸಿ' ಅಂದರೆ 'ಇ ಫ್ಲ್ಯಾಟ್'. ಪಿಯಾನೊ ಪುಟ ಝೆರಾಕ್ಸ್ ಮಾಡಿ ಕೊಟ್ಟರೆ ಕೆಲಸ ಕೆಟ್ಟಿತು. ಈ ಶಾಲೆಯ ಸಂಗೀತದ ಟೀಚರ್ ಆ ಹುಡುಗನಿಗೆ ಹೇಳಿದ್ದು ಇಷ್ಟೇ: "ಸಿಗದಿದ್ದರೆ ಕೆಳಗೆ ಹಾಡಪ್ಪ, ಆದರೆ ನಿಲ್ಲಿಸಬೇಡ."

ಈ ಸಣ್ಣ ಟಿವಿ ಗಮನಿಸಿದಿರಾ? ಅದರಲ್ಲಿ ಕಾಣುವುದು ಕಂಡಕ್ಟರ್ ಮಾತ್ರ, ಅಂದರೆ ಕೋಲು ಆಡಿಸಿ ವಾದ್ಯದವರನ್ನು ನಡೆಸುವವರು. ಸ್ಟೇಜಿನ ಹಿಂದೆ ನಿಂತು ಕೋರಸ್ ಹಾಡುವವರಿಗೆ ವಾದ್ಯದ ಸದ್ದು ಚೂರು ತಡವಾಗಿ ತಲುಪುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಅಷ್ಟೇ. 17 ಮೀಟರ್ ದೂರವಿದ್ದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಹೋಯಿತು. ಇವರು ಕೇಳಿ ಹಾಡಿ, ಅದು ಮತ್ತೆ ಮುಂದಕ್ಕೆ ಬರುವಷ್ಟರಲ್ಲಿ ಹಾಡು ಎಳೆದ ಹಾಗಾಗುತ್ತದೆ. ಕಿವಿಯನ್ನು ನಂಬಬೇಡಿ, ಕೋಲು ನೋಡಿ ಹಾಡಿ ಎನ್ನುವುದು ಅದಕ್ಕೇ.

ಲೈಟ್ ಆರಿದಾಗ ಇಲ್ಲಿ ಇನ್ನೊಂದು ಆಟ. ಪ್ರಖರ ಬೆಳಕಿನಿಂದ ಬಂದ ನಟರಿಗೆ ಏನೂ ಕಾಣುವುದಿಲ್ಲ. ಮಬ್ಬು ನೀಲಿ ದೀಪದಡಿ ಕಾದು ನಿಂತವರಿಗೆ ಎಲ್ಲ ಕಾಣುತ್ತದೆ. ಅವರೇ ನಟರ ಮೊಣಕೈ ಹಿಡಿದು ಕರೆದುಕೊಂಡು ಬರುತ್ತಾರೆ. ಮೆಟ್ಟಿಲ ಅಂಚಿಗೆ ಕತ್ತಲಲ್ಲಿ ಹೊಳೆಯುವ ಟೇಪ್ ಇದೆ. ಷೋಗೆ ಮುಂಚೆ ಅದರ ಮೇಲೆ ಟಾರ್ಚ್ ಬಿಟ್ಟು 'ಚಾರ್ಜ್' ಮಾಡಬೇಕು. ಅದಕ್ಕೂ ಒಬ್ಬಳು ಇದ್ದಾಳೆ.

ಹಾಗಿದ್ದರೆ ಸರ್ಟಿಫಿಕೇಟ್ ಯಾರಿಗೆ? ಅಮೆರಿಕದಲ್ಲಿ 1929ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಥೆಸ್ಪಿಯನ್ ಸೊಸೈಟಿ ಅಂತ ಒಂದಿದೆ, ನಾಟಕ ಮಾಡುವ ಶಾಲಾಮಕ್ಕಳ ಸಂಘ. ಅಲ್ಲಿ ಸದಸ್ಯರಾಗಲು ದುಡಿದು ಅಂಕ ಗಳಿಸಬೇಕು. ನಟಿಸಿದರೂ ಅಂಕ, ಲೈಟ್ ಹಿಡಿದರೂ ಅಂಕ, ಬಟ್ಟೆ ಹೊಲಿದರೂ ಅಂಕ. ಇದು ನನಗೆ ಸರಿ ಅನಿಸುತ್ತದೆ. ಎಷ್ಟೋ ಶಾಲೆಗಳಲ್ಲಿ ಬಹುಮಾನ ಅಂದರೆ ಇವತ್ತಿಗೂ ನಾಯಕ, ನಾಯಕಿ, ಆಮೇಲೆ ಎಲ್ಲರಿಗೂ ಸೇರಿಸಿ ಒಂದು ಥ್ಯಾಂಕ್ಸ್.

ಚಪ್ಪಾಳೆ ಬಿದ್ದಾಗ ನಟರು ಬೂತ್ ಕಡೆ, ವಾದ್ಯದವರ ಕಡೆ ಕೈ ತೋರಿಸುವುದನ್ನು ನೀವು ನೋಡಿರುತ್ತೀರಿ. ಅದನ್ನು ನಾನು ಶೂಟ್ ಮಾಡಲಿಲ್ಲ. ಆ ಹೊತ್ತಿಗೆ ಸ್ಟೇಜ್ ಮ್ಯಾನೇಜರ್ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟಿದ್ದಳು. ಕೊನೆಯ ಷೋ ರಾತ್ರಿಯೇ ಸೆಟ್ ಬಿಚ್ಚಬೇಕಂತೆ, ಬೆಳಗ್ಗೆ ಇದೇ ಹಾಲ್‌ನಲ್ಲಿ ಪರೀಕ್ಷೆ. ಈಗ ನೋಡುತ್ತಿರುವುದು ಅದೇ: ಮೇಕಪ್ ಅಳಿಸದ ರಾಣಿ ಏಣಿ ಹಿಡಿದು ನಿಂತಿದ್ದಾಳೆ, ಪ್ರಾಪರ್ಟಿ ಹುಡುಗ ಮೇಲೆ ಹತ್ತಿದ್ದಾನೆ, "ಸ್ಕ್ರೂ ಕೆಳಗೆ ಎಸೆಯಬೇಡವೋ, ಡಬ್ಬಿಗೆ ಹಾಕು" ಎಂದು ಅವಳು ಬೈಯುತ್ತಿದ್ದಾಳೆ.